ಸತ್ತ ಮಂಗ, ಮಂಗಳದ ಮಣ್ಣು

ಆಗುಂಬೆಯಿಂದ ಹೊಸನಗರ, ಸಾಗರದವರೆಗೆ ಮಲೆನಾಡಿನ ಮಕ್ಕಳಿಗೂ ಗೊತ್ತಿರುವ ಮಾತಿದು: ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಂಗನ ಮೈ ತಣ್ಣಗಾಗುತ್ತಿದ್ದಂತೆ ಅದರ ಮೇಲಿದ್ದ, ರೋಗ ಹರಡುವ ಉಣುಗುಗಳು ಉದುರಿ ತರಗೆಲೆಯೊಳಗೆ ಸೇರಿಕೊಳ್ಳುತ್ತವೆ. ಸಿಬ್ಬಂದಿ ಮೈತುಂಬ ರಕ್ಷಾಕವಚ ತೊಟ್ಟು ಬಂದು, ಮಾದರಿ ತೆಗೆದು, ಶವ ಸುಟ್ಟು, ಸುತ್ತ 50 ಮೀಟರ್ ಜಾಗಕ್ಕೆ ಮೆಲಾಥಿಯಾನ್ ಪುಡಿ ಎರಚುತ್ತಾರೆ. ರೋಗ ಯಾವುದೆಂದು ಪ್ರಯೋಗಾಲಯ ಹೇಳುವ ಮೊದಲೇ ಇಷ್ಟೂ ಮುಗಿದಿರಬೇಕು. ಬೇರೆ ಲೋಕದಿಂದ ಬರಬಹುದಾದ ಸೋಂಕನ್ನು ತಡೆಯುವ ಕ್ರಮವೂ ಇದೇ ತತ್ವದ ಮೇಲೆ ನಿಂತಿದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗ ಅನುಮಾನ ಆಕಾಶದತ್ತಲೂ ಹರಿದಿತ್ತು. ವೈರಸ್ಸು ರಷ್ಯಾದ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಸ್ಸನ್ನು ಹೋಲುತ್ತಿತ್ತು. ಸೈಬೀರಿಯಾದಿಂದ ವಲಸೆ ಹಕ್ಕಿಗಳು ಹೊತ್ತು ತಂದವೇ? ಪಕ್ಷಿತಜ್ಞ ಸಲೀಂ ಅಲಿಯವರ ತಂಡ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅಧ್ಯಯನ ನಡೆಸಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ.

ಹೊರಗಿನಿಂದ ಬಂದದ್ದು ಎನ್ನಲು ಎಷ್ಟು ಪುರಾವೆ ಬೇಕೆಂಬುದನ್ನು ಮೇಲಿನ ಗಾಳಿಯಲ್ಲಿ ಸೂಕ್ಷ್ಮಜೀವಿಗಳನ್ನು ಹುಡುಕಲು ಇಸ್ರೊ 2005ರ ಏಪ್ರಿಲ್‌ನಲ್ಲಿ ಹೈದರಾಬಾದಿನಿಂದ ಹಾರಿಸಿದ ಬಲೂನು ಚೆನ್ನಾಗಿ ತೋರಿಸುತ್ತದೆ. ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಮುಂದಾಳತ್ವದ ಈ ಪ್ರಯೋಗಕ್ಕೆ ನಮ್ಮ ಉಡುಪಿ ಕಡೆಯ ಬಾಹ್ಯಾಕಾಶ ವಿಜ್ಞಾನಿ ಯು.ಆರ್. ರಾವ್ ಮಾರ್ಗದರ್ಶಕರಲ್ಲೊಬ್ಬರು. ಕ್ರಿಮಿಶುದ್ಧಿ ಮಾಡಿ, ಗಾಳಿಯನ್ನೆಲ್ಲ ಹೊರತೆಗೆದ 16 ಉಕ್ಕಿನ ಕೊಳವೆಗಳನ್ನು ದ್ರವ ನಿಯಾನಿನಲ್ಲಿ ಮುಳುಗಿಸಿಟ್ಟಿದ್ದರು. ಆ ಚಳಿಗೆ ಒಳಬಂದ ಗಾಳಿ ಹೆಪ್ಪುಗಟ್ಟುತ್ತದೆ, ಖಾಲಿಯಾದ ಜಾಗಕ್ಕೆ ಇನ್ನಷ್ಟು ಗಾಳಿ ನುಗ್ಗುತ್ತದೆ. 20ರಿಂದ 41 ಕಿ.ಮೀ. ಎತ್ತರದಲ್ಲಿ ಹಿಡಿದ ಆ ಗಾಳಿಯಿಂದ 12 ಬ್ಯಾಕ್ಟೀರಿಯಾ, 6 ಶಿಲೀಂಧ್ರ ಸಮೂಹಗಳು ಬೆಳೆದವು. ಮೂರು ಬ್ಯಾಕ್ಟೀರಿಯಾಗಳು ಹೊಸ ಪ್ರಭೇದಗಳು. ಒಂದಕ್ಕೆ ಇಸ್ರೊ ಹೆಸರನ್ನೇ ಇಟ್ಟರು. ಆದರೂ ಇವು ಭೂಮಿಯಾಚೆಯಿಂದ ಬಂದವೆಂದು ಖಚಿತವಾಗಿಲ್ಲ ಎಂದು ಇಸ್ರೊ 2009ರಲ್ಲಿ ಸ್ಪಷ್ಟವಾಗಿಯೇ ಹೇಳಿತು. ನೆಲದ ಧೂಳೂ ಮೇಲೇರುತ್ತದೆ. ಆ ಸಂಯಮ ನನಗೆ ಹೊಸ ಪ್ರಭೇದಗಳಿಗಿಂತ ದೊಡ್ಡದೆನಿಸುತ್ತದೆ.

ಭೂಮಿಗೆ ಅನ್ಯಲೋಕದ ವಸ್ತುವಿನಿಂದ ಹಾನಿಯಾಗಬಾರದು, ಅಲ್ಲಿಗೂ ನಮ್ಮ ಸೂಕ್ಷ್ಮಜೀವಿ ಹೋಗಬಾರದು ಎಂಬುದು 1967ರ ಬಾಹ್ಯಾಕಾಶ ಒಪ್ಪಂದದ ಆಶಯ. ಚಂದ್ರನಿಂದ ಮರಳಿದ ಅಪೊಲೊ 11ರ ಯಾತ್ರಿಗಳನ್ನು 21 ದಿನ ಪ್ರತ್ಯೇಕವಾಗಿರಿಸಿದರು. ಆದರೆ ಸಮುದ್ರದಲ್ಲಿ ನೌಕೆಯ ಬಾಗಿಲು ತೆರೆದಾಗ ಒಳಗಿನ ಗಾಳಿ ಹೊರಗೆ ಹೋಗಿಯಾಗಿತ್ತು. ಚಂದ್ರನಲ್ಲಿ ಜೀವವಿಲ್ಲದ್ದರಿಂದ ಬಚಾವಾದೆವು. ಜೀವವಿಲ್ಲವೆಂದು ಇನ್ನೂ ಖಚಿತವಾಗದ ಮಂಗಳ ಗ್ರಹದ ವಿಷಯದಲ್ಲಿ ಆ ಧೈರ್ಯ ಸಲ್ಲದು.

ಮಂಗಳದ ಮಣ್ಣು ಬಂದರೆ ಪ್ರಯೋಗಾಲಯಕ್ಕೆ ಎದುರಾಗುವ ಕಷ್ಟ ಬೇರೆ. ಮಾರಕ ವೈರಸ್ಸಿನ ಕೋಣೆಯಲ್ಲಿ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆ ಇರಬೇಕು, ಸೋರಿದರೂ ಗಾಳಿ ಒಳಕ್ಕೇ ಹೋಗಲೆಂದು. ಉಪಗ್ರಹ ಜೋಡಿಸುವ ಶುದ್ಧ ಕೋಣೆಯಲ್ಲಿ ಒತ್ತಡ ಹೆಚ್ಚಿರಬೇಕು, ಹೊರಗಿನ ಧೂಳು ನುಗ್ಗಬಾರದೆಂದು. ಮಂಗಳದ ಮಣ್ಣಿಗೆ ಎರಡೂ ಬೇಕು. ಇದಕ್ಕೊಂದು ದಾರಿ ಜೋಡಿಗೋಡೆಯ ಪೆಟ್ಟಿಗೆ: ಗೋಡೆಗಳ ನಡುವೆ ಒತ್ತಡ ಎಲ್ಲಕ್ಕಿಂತ ಕಡಿಮೆ. ಒಳಗಿನಿಂದ ಸೋರಿದ್ದೂ ಹೊರಗಿನಿಂದ ನುಸುಳಿದ್ದೂ ಆ ಸಂದಿಗೇ ಬಂದು ಫಿಲ್ಟರಿನಲ್ಲಿ ಸಿಕ್ಕಿಬೀಳುತ್ತವೆ.