ಗೊಂಬಿ ಬುಡಾ ನೋಡ್ರಿ, ಆಮೇಲೆ ರೇಟು ಮಾತಾಡ್ರಿ!

ಪಾಲಬಾವಿ: ಇಲ್ಲಾಗಲಿ, ಹಾರೂಗೇರಿ ಕಡೆಯಾಗಲಿ, ಹಳೇ ಮನೆಯ ಮಾಡದಲ್ಲಿ ಪಿಂಗಾಣಿ ಗೊಂಬೆ ಇದ್ದರೆ ಮೋಸಕ್ಕೆ ಎರಡು ದಾರಿ. ಹಳೇ ಸಾಮಾನಿನವ 'ಇದಕ್ಕೇನು ಬೆಲೆ ಬಿಡ್ರಿ ಅಕ್ಕಾರ' ಎಂದು ಸ್ಟೀಲ್ ಡಬ್ಬಿ ಕೊಟ್ಟು ಒಯ್ಯಬಹುದು. ಇಲ್ಲವೇ ಪ್ಯಾಟಿಯವ ಮೊನ್ನೆ ಸುಟ್ಟ ಗೊಂಬೆ ತೋರಿಸಿ 'ಇನ್ನೂರು ವರ್ಷದ್ದು' ಎಂದು ಸಾವಿರಾರು ಕೇಳಬಹುದು.

ಗೊಂಬೆ ಕೃಷ್ಣನದಾದರೂ ಹುಟ್ಟಿದ್ದು ಇಲ್ಲೇ ಎನ್ನುವಂತಿಲ್ಲ. ನಮ್ಮ ಪ್ಯಾಟಿಗೆಂದೇ ಜರ್ಮನಿ, ಜಪಾನಿನವರು ದೇವರ ಗೊಂಬೆ ಮಾಡಿ ಕಳಿಸಿದ್ದುಂಟು. ವ್ಯಾಪಾರಕ್ಕೆ ಯಾವ ದೇವರಾದರೇನು!

ಬುಡದಲ್ಲಿ ದೇಶದ ಹೆಸರು ಹುಡುಕಬೇಕು. ಆಮದು ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕೆಂದು ಅಮೆರಿಕ 1891ರಿಂದ ಹಟ ಹಿಡಿಯಿತು. ಜಪಾನಿನವರು 'ನಿಪ್ಪಾನ್' ಎಂದು ಬರೆದರು. 1921ರಲ್ಲಿ 'ಅದು ನಡೆಯೂದಿಲ್ಲ, ಜಪಾನ್ ಅಂತ ಬರೀರಿ' ಎಂದು ಅಮೆರಿಕ ಹೇಳಿತು. 'ಆಕ್ಯುಪೈಡ್ ಜಪಾನ್' ಎಂದಿದ್ದರೆ ಯುದ್ಧ ಸೋತ ಮೇಲಿನ ಮಾಲು. ಆ ಕಾಲ 1952ಕ್ಕೆ ಮುಗೀತು. 'ವೆಸ್ಟ್ ಜರ್ಮನಿ' ಎಂದಿದ್ದರೆ 1949ಕ್ಕಿಂತ ಹಳೇದಲ್ಲ. ಮುತ್ತಜ್ಜಿಯ ತವರಿನ ಕಥೆ ಅಲ್ಲಿಗೆ ಬಿತ್ತು!

ಅಡ್ಡಲಾಗಿ ಎರಡು ನೀಲಿ ಕತ್ತಿ ಇದ್ದರೆ ಜರ್ಮನಿಯ ಮೈಸೆನ್ ಗುರುತು, 1710ರ ಕಾರ್ಖಾನೆ. ಆದರೆ ಆ ಕತ್ತಿ ಕದ್ದವರು ಬಹಳ ಮಂದಿ. ಬೆರಳಾಡಿಸಿ ನೋಡಬೇಕು. ಅಸಲಿ ನೀಲಿ ಹೊಳಪಿನ ಕೆಳಗೆ ಇರುತ್ತದೆ, ಕೈಗೆ ಹತ್ತುವುದಿಲ್ಲ. ನಕಲಿಯಲ್ಲೂ ಹಾಗೆ ಮಾಡಿದ ಜಾಣರಿದ್ದಾರೆ, ಅದೊಂದನ್ನೇ ನಂಬಿ ರೊಕ್ಕ ಎಣಿಸಬಾರದು.

ನೂರು ವರ್ಷ ದಾಟಿದ ಕಲಾವಸ್ತುಗಳ ವ್ಯಾಪಾರಕ್ಕೆ 1972ರ ಕಾಯ್ದೆಯಂತೆ ಲೈಸೆನ್ಸು ಬೇಕು. 'ಭಾಳ ಹಳೇದು' ಎನ್ನುವ ವ್ಯಾಪಾರಿಗೆ ಅದನ್ನೂ ತೋರಿಸಲು ಹೇಳಬಹುದು.