ಕಲ್ಲಿನಲ್ಲಿ ಉಳಿದ ಪಾದರಸದ ಸಾಕ್ಷಿ

ವಿಜಯಪುರದ ಗೋಳಗುಮ್ಮಟಕ್ಕೆ ಹೋದವರೆಲ್ಲ ಒಳಗೆ ಕೂಗಿ, ಪ್ರತಿಧ್ವನಿ ಕೇಳಿ ಬರುತ್ತಾರೆ. ಗೋಡೆಯ ಕಪ್ಪುಕಲ್ಲನ್ನು ಗಮನಿಸುವವರು ಕಡಿಮೆ. ಆ ಕಲ್ಲು ಒಂದು ಕಾಲದಲ್ಲಿ ಕುದಿಯುವ ದ್ರವವಾಗಿತ್ತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾರಸ ಹರಿದು ತಣಿಯಿತು. ಅದರ ಮೇಲೆ ಮತ್ತೆ ಮತ್ತೆ ಹರಿಯಿತು. ಸವೆದು ಉಳಿದಿರುವುದೇ ಇಂದು ಸುಮಾರು 5 ಲಕ್ಷ ಚದರ ಕಿಲೋಮೀಟರ್. ಪಶ್ಚಿಮ ಘಟ್ಟಗಳಲ್ಲಿ ಇದರ ಪದರಗಳನ್ನೆಲ್ಲ ಕೂಡಿಸಿದರೆ ದಪ್ಪ 2 ಕಿಲೋಮೀಟರ್ ದಾಟುತ್ತದೆ. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಬಿಳಿಜೋಳ ಬೆಳೆಯುವ ಎರೆಮಣ್ಣು ಬಹುಮಟ್ಟಿಗೆ ಈ ಕಲ್ಲಿನಿಂದಲೇ ಆದದ್ದು.

ಡೈನೋಸಾರ್‌ಗಳು ಅಳಿದದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಹಾಗಾದರೆ ಅವನ್ನು ಕೊಂದದ್ದು ಈ ಬೆಂಕಿಯೇ? ಕಾಲ ಕೂಡಿಬಂದ ಮಾತ್ರಕ್ಕೆ ಅಪರಾಧ ಸಾಬೀತಾಗದು, ಸಾಕ್ಷಿ ಬೇಕು.

ಎದುರಾಳಿಯ ಕಡೆ ಬಲವಾದ ಸಾಕ್ಷಿಯಿದೆ. ಇಟಲಿಯ ಗುಬ್ಬಿಯೋ ಬಳಿಯ ತೆಳುವಾದ ಜೇಡಿಪದರವೊಂದರಲ್ಲಿ ಇರಿಡಿಯಂ ಲೋಹ ಅಸಾಧಾರಣವಾಗಿ ಹೆಚ್ಚಿದೆಯೆಂದು ಲೂಯಿ ಆಲ್ವರೆಜ್, ಅವರ ಮಗ ವಾಲ್ಟರ್ ಮತ್ತು ಸಂಗಡಿಗರು 1980ರಲ್ಲಿ ತೋರಿಸಿದರು. ಭೂಮಿಯ ಮೇಲ್ಪದರದಲ್ಲಿ ಈ ಲೋಹ ಬಲು ವಿರಳ; ಆಕಾಶಶಿಲೆಗಳಲ್ಲಿ ಹೆಚ್ಚು. ಶಿಲೆ ಬಿದ್ದ ಜಾಗವೂ ಮೆಕ್ಸಿಕೋದ ಚಿಕ್ಷುಲೂಬ್‌ನಲ್ಲಿದೆ ಎಂದು 1991ರಲ್ಲಿ ಗುರುತಿಸಲಾಯಿತು.

ಜ್ವಾಲಾಮುಖಿಗೂ ಇಂಥದೊಂದು ಬೆರಳಚ್ಚು ಇದೆಯೇ? ಲಾವಾ ತಾನು ಹರಿದಲ್ಲಿ ಮಾತ್ರ ಗುರುತು ಬಿಡುತ್ತದೆ. ಅದರ ಜೊತೆ ಏಳುವ ಅನಿಲಗಳು ಜಗತ್ತನ್ನೇ ಸುತ್ತುತ್ತವೆ. ಅವುಗಳಲ್ಲೊಂದು ಪಾದರಸದ ಆವಿ. ತಿಂಗಳುಗಟ್ಟಲೆ ಗಾಳಿಯಲ್ಲಿ ತೇಲಿ, ಕೊನೆಗೆ ಅದು ಕಡಲು ಕೆರೆಗಳ ತಳ ಸೇರುತ್ತದೆ. ಕೊಳೆತ ಜೀವದ್ರವ್ಯಕ್ಕೆ ಅಂಟಿ ಕೆಸರಿನಲ್ಲಿ ಉಳಿಯುತ್ತದೆ. ಕೆಸರು ಕಲ್ಲಾದರೂ ಗುರುತು ಅಳಿಯದು.

ಇಲ್ಲೊಂದು ತೊಡಕಿದೆ. ಜೀವದ್ರವ್ಯ ಹೆಚ್ಚಿದ್ದಲ್ಲಿ ಪಾದರಸವೂ ತಾನಾಗಿ ಹೆಚ್ಚು ಸಂಗ್ರಹವಾಗುತ್ತದೆ. ಆದ್ದರಿಂದ ಬರೀ ಪಾದರಸವನ್ನು ಅಳೆದರೆ ಸಾಲದು; ಕಲ್ಲಿನಲ್ಲಿರುವ ಸಾವಯವ ಇಂಗಾಲದ ಜೊತೆ ಹೋಲಿಸಿ ನೋಡಬೇಕು. ಕಾಳ್ಗಿಚ್ಚಿನಿಂದ, ನದಿ ತಂದ ಮಣ್ಣಿನಿಂದಲೂ ಪಾದರಸ ಬರಬಹುದು. ಹೀಗಾಗಿ ದೂರದೂರದ ಹಲವು ಜಾಗಗಳಲ್ಲಿ ಒಂದೇ ಕಾಲದ ಪದರದಲ್ಲಿ ಏರಿಕೆ ಕಂಡಾಗಲೇ ಸಾಕ್ಷಿಗೆ ತೂಕ.

ಅಂಥ ಏರಿಕೆಗಳು ಸಿಕ್ಕಿವೆ. ಮೇಘಾಲಯದ ಉಮ್ ಸೊಹ್ರಿಂಗ್ಕ್ಯೂ ನದಿಯ ದಂಡೆಯ ಪದರಗಳಲ್ಲಿ ಇರಿಡಿಯಂ, ಪಾದರಸ ಎರಡೂ ಇವೆ. ಅಂಟಾರ್ಕ್ಟಿಕಾದಂಥ ದೂರದ ನೆಲದ ಚಿಪ್ಪುಗಳಲ್ಲಿಯೂ ಪಾದರಸ ಕಂಡಿತು. ಅದು ಏರಿದ ಕಾಲಕ್ಕೆ ಕಡಲು ಬಿಸಿಯಾದದ್ದನ್ನೂ ಅದೇ ಚಿಪ್ಪುಗಳು ಹೇಳಿದವು. ಉಲ್ಕೆ ಬೀಳುವ ಮೊದಲೇ ದಖನ್ನಿನ ಉಸಿರು ಜಗತ್ತನ್ನು ಮುಟ್ಟಿತ್ತೆಂದಾಯಿತು.

ಇಷ್ಟಕ್ಕೆ ತೀರ್ಪು ಬಂತೆ? ಇಲ್ಲ. ಲಾವಾದ ವಯಸ್ಸನ್ನು ಬೇರೆ ಬೇರೆ ವಿಧಾನದಿಂದ ಅಳೆದ ಎರಡು ತಂಡಗಳು 2019ರಲ್ಲಿ ಫಲಿತಾಂಶ ಪ್ರಕಟಿಸಿದವು. ಹರಿವಿನ ಬಹುಪಾಲು ಸುಮಾರು 10 ಲಕ್ಷ ವರ್ಷಗಳಲ್ಲಿ ಮುಗಿಯಿತೆಂಬುದರಲ್ಲಿ ಇಬ್ಬರದೂ ಒಂದೇ ಮಾತು. ಆದರೆ ದೊಡ್ಡ ಉಕ್ಕು ಉಲ್ಕೆಗಿಂತ ತುಸು ಮೊದಲೆಂದು ಒಂದು ತಂಡ, ಹೆಚ್ಚಿನ ಲಾವಾ ಆಮೇಲೆ ಹರಿದದ್ದೆಂದು ಇನ್ನೊಂದು ತಂಡ. ಕೊನೆಯ ಪೆಟ್ಟು ಉಲ್ಕೆಯದೇ ಎಂಬುದು ಬಹುಮಂದಿ ವಿಜ್ಞಾನಿಗಳ ಮತ. ಅದಕ್ಕೆ ಮೊದಲೇ ಜೀವಲೋಕವನ್ನು ದಖನ್ ಎಷ್ಟು ನಿತ್ರಾಣಗೊಳಿಸಿತ್ತು ಎಂಬುದರ ಮೇಲೆ ಚರ್ಚೆ ನಡೆದಿದೆ.

ಉಲ್ಕೆಯ ಗೊಂದಲವಿಲ್ಲದ ಮೊಕದ್ದಮೆಯೂ ಒಂದಿದೆ. ಸುಮಾರು 25.2 ಕೋಟಿ ವರ್ಷಗಳ ಹಿಂದೆ ಕಡಲಜೀವಿಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಪ್ರಭೇದಗಳು ನಶಿಸಿದವು. ಇದಕ್ಕಿಂತ ದೊಡ್ಡ ಅಳಿವನ್ನು ಭೂಮಿ ಕಂಡಿಲ್ಲ. ಸೈಬೀರಿಯದಲ್ಲಿ ಆಗ ಲಾವಾ ಉಕ್ಕುತ್ತಿತ್ತು. ಚೀನಾದ ಮೈಶಾನ್‌ನ ಪದರಗಳಲ್ಲಿ ಅದೇ ಹೊತ್ತಿನ ಪಾದರಸ ಸಿಕ್ಕಿದೆ. ಅಲ್ಲಿ ಶಿಲಾರಸ ನೆಲದಡಿಯ ಕಲ್ಲಿದ್ದಲಿನೊಳಕ್ಕೆ ನುಗ್ಗಿ ಅದನ್ನು ಸುಟ್ಟಿತು. ಹೊರಬಿದ್ದ ಇಂಗಾಲದಿಂದ ಕಡಲು ಕಾದು, ಆಮ್ಲೀಯವಾಗಿ, ಆಮ್ಲಜನಕ ಕಳೆದುಕೊಂಡಿತು. ಲಾವಾ ತಗುಲಿ ಸತ್ತವು ಕೆಲವೇ. ಗಾಳಿ, ನೀರು ಕೆಟ್ಟು ಸತ್ತವೇ ಬಹಳ.

ಇಂದು ಕಲ್ಲಿದ್ದಲನ್ನು ಸುಡುತ್ತಿರುವವರು ನಾವು. ಆ ಹೊಗೆಯಲ್ಲಿಯೂ ಪಾದರಸವಿದೆ; ಅದೂ ಕಡಲ ಕೆಸರಿಗೆ ಇಳಿಯುತ್ತಿದೆ. ಮುಂದೆಂದೋ ಅಗೆದು ನೋಡುವವರಿಗೆ ನಮ್ಮ ಕಾಲದ ಪದರವೂ ಸಿಗುತ್ತದೆ.