ಹೈಬ್ರಿಡ್ ಕಾರು: ಕೊಳ್ಳುವವರ ಲೆಕ್ಕವೇನು, ಲೆಕ್ಕದ ಪುಸ್ತಕ ಹೇಳುವುದೇನು?

ಕಾರ್ಖಾನೆಗೆ ಹೊಸ ಯಂತ್ರವೊಂದನ್ನು ತರಿಸುವ ಮುನ್ನ ಉದ್ಯಮಿಗಳು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾರೆ. ಹೂಡಬೇಕಾದ ಬಂಡವಾಳವೆಷ್ಟು? ಅದರ ಮೇಲೆ ಬೀಳುವ ಬಡ್ಡಿ ಎಷ್ಟು? ಉಳಿತಾಯದಿಂದ ಆ ಹಣ ಎಷ್ಟು ವರ್ಷಗಳಲ್ಲಿ ಹಿಂದಿರುಗುತ್ತದೆ? ಅದೇ ಉದ್ಯಮಿಗಳು ಕಾರು ಕೊಳ್ಳಲು ಹೊರಟಾಗ ಮಾತ್ರ ಈ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಒಂದೇ ಅಂಕಿ ಮನಸ್ಸಿನಲ್ಲಿ ನಿಲ್ಲುತ್ತದೆ. ಪೆಟ್ರೋಲ್ ಎಂಜಿನ್ ಹಾಗೂ ವಿದ್ಯುತ್ ಮೋಟಾರು ಎರಡನ್ನೂ ಹೊಂದಿರುವ ಹೈಬ್ರಿಡ್ ಕಾರುಗಳ ಮಾರಾಟದ ಇತಿಹಾಸ ಇದಕ್ಕೆ ಉತ್ತಮ ನಿದರ್ಶನವಾಗಿದೆ. ಇಂಧನ ಉಳಿತಾಯವೇ ಇವುಗಳ ಹೆಗ್ಗಳಿಕೆಯಾದರೂ, ಜನರು ಇವುಗಳನ್ನು ಕೊಳ್ಳಲು ಉಳಿತಾಯವೊಂದೇ ಕಾರಣವಾಗಿಲ್ಲ. ಈ ಕಾರಣಗಳನ್ನು ಅರಿಯುವುದು ಕಾರು ಕೊಳ್ಳಲಿರುವ ವರ್ತಕರಿಗೂ, ಕಾರಿನ ಬಿಡಿಭಾಗ ತಯಾರಿಸುವ ಸಣ್ಣ ಉದ್ಯಮಿಗಳಿಗೂ ಉಪಯುಕ್ತ.

ಕೆಲಸ ಮಾಡುವ ಬಗೆ

ಸಾಮಾನ್ಯ ಕಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ವೇಗದಲ್ಲಿದ್ದ ಶಕ್ತಿ ಶಾಖವಾಗಿ ವ್ಯರ್ಥವಾಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗಲೂ ಎಂಜಿನ್ ಇಂಧನವನ್ನು ಉರಿಸುತ್ತಲೇ ಇರುತ್ತದೆ. ಹೈಬ್ರಿಡ್ ಕಾರು ಈ ಎರಡೂ ಸೋರಿಕೆಗಳನ್ನು ತಡೆಯುತ್ತದೆ. ಬ್ರೇಕ್ ಹಾಕಿದಾಗ ಮೋಟಾರು ಜನರೇಟರಿನಂತೆ ತಿರುಗಿ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ಕಾರು ನಿಂತಾಗ ಎಂಜಿನ್ ಆರುತ್ತದೆ. ನಿಧಾನಗತಿಯಲ್ಲಿ ಮೋಟಾರೇ ಕಾರನ್ನು ಎಳೆಯುತ್ತದೆ. ಹೀಗೆ ಮೋಟಾರಿನಿಂದಲೇ ಸ್ವಲ್ಪ ದೂರ ಓಡಬಲ್ಲ ಕಾರನ್ನು ‘ಸ್ಟ್ರಾಂಗ್ ಹೈಬ್ರಿಡ್’ ಎನ್ನುತ್ತಾರೆ. ಇದಕ್ಕೆ ಹೊರಗಿನಿಂದ ಚಾರ್ಜ್ ಮಾಡುವ ಅಗತ್ಯವಿಲ್ಲ. ಎಂಜಿನ್ನಿಗೆ ಕೊಂಚ ನೆರವು ಮಾತ್ರ ನೀಡುವ ಸಣ್ಣ ಮೋಟಾರು ಇರುವುದು ‘ಮೈಲ್ಡ್ ಹೈಬ್ರಿಡ್’. ಎರಡರ ಮೈಲೇಜ್ ಹಾಗೂ ಬೆಲೆಯಲ್ಲಿ ಸಾಕಷ್ಟು ಅಂತರವಿರುವುದರಿಂದ, ಕೊಳ್ಳುವವರು ಮೊದಲು ಈ ಭೇದವನ್ನು ತಿಳಿಯಬೇಕು.

ಅಮೆರಿಕದ ಅನುಭವ

ಟೊಯೋಟಾ ಕಂಪನಿಯ ಪ್ರಿಯಸ್ ಕಾರು 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ಅಮೆರಿಕದಲ್ಲಿ ಹೋಂಡಾ ಇನ್‌ಸೈಟ್ 1999ರ ಕೊನೆಯಲ್ಲೂ, ಪ್ರಿಯಸ್ 2000ದಲ್ಲೂ ಮಾರುಕಟ್ಟೆ ಪ್ರವೇಶಿಸಿದವು. ಆರಂಭದ ಆ ವರ್ಷಗಳಲ್ಲಿ ಕೊಳ್ಳುವವರ ಮನಸ್ಸನ್ನು ಅರಿಯಲು ಅಲ್ಲಿ ಹಲವು ಅಧ್ಯಯನಗಳು ನಡೆದವು.

ಅವುಗಳಲ್ಲಿ ಮೊದಲು ಗಮನಿಸಬೇಕಾದುದು ಥಾಮಸ್ ಟರೆಂಟೈನ್ ಮತ್ತು ಕೆನೆತ್ ಕುರಾನಿ ಅವರದು. ಕ್ಯಾಲಿಫೋರ್ನಿಯಾದ 57 ಕುಟುಂಬಗಳನ್ನು ಸಂದರ್ಶಿಸಿ 2007ರಲ್ಲಿ ಅವರು ಪ್ರಕಟಿಸಿದ ವರದಿಯಂತೆ, ಕಾರು ಅಥವಾ ಪೆಟ್ರೋಲ್ ಕೊಳ್ಳುವಾಗ ಇಂಧನದ ವೆಚ್ಚವನ್ನು ಕ್ರಮಬದ್ಧವಾಗಿ ಲೆಕ್ಕ ಹಾಕಿದ ಕುಟುಂಬ ಒಂದೂ ಇರಲಿಲ್ಲ. ಹಣ ಎಷ್ಟು ವರ್ಷಗಳಲ್ಲಿ ಹಿಂದಿರುಗುತ್ತದೆಂದು ಕಂಪನಿಗಳೂ ಸರ್ಕಾರವೂ ತಲೆ ಕೆಡಿಸಿಕೊಂಡಿದ್ದರೆ, ಗ್ರಾಹಕರು ಆ ಪ್ರಶ್ನೆಯನ್ನೇ ಎತ್ತಿರಲಿಲ್ಲ.

ಹಾಗಾದರೆ ಅವರು ಕೊಂಡದ್ದೇಕೆ? ಸಿಎನ್‌ಡಬ್ಲ್ಯು ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆಯು ಅದೇ 2007ರಲ್ಲಿ ಪ್ರಿಯಸ್ ಮಾಲೀಕರನ್ನು ವಿಚಾರಿಸಿದಾಗ, ‘ಈ ಕಾರು ನಾನು ಎಂಥವನೆಂದು ತೋರಿಸುತ್ತದೆ’ ಎಂಬ ಅರ್ಥದ ಕಾರಣವನ್ನು ಶೇ. 57ರಷ್ಟು ಮಂದಿ ಮುಂದಿಟ್ಟರು. ಇಂಧನ ಉಳಿತಾಯವನ್ನು ಹೇಳಿದವರು ಶೇ. 36, ಕಡಿಮೆ ಹೊಗೆಯನ್ನು ಹೇಳಿದವರು ಶೇ. 25 ಮಾತ್ರ. ಪ್ರಿಯಸ್‌ನ ಆಕಾರ ಬೇರಾವ ಕಾರಿಗೂ ಇರಲಿಲ್ಲ. ಅದನ್ನು ದೂರದಿಂದಲೇ ಗುರುತಿಸಬಹುದಾಗಿತ್ತು. ಹೋಂಡಾ ಸಿವಿಕ್ ಹೈಬ್ರಿಡ್ ನೋಡಲು ಸಾಮಾನ್ಯ ಸಿವಿಕ್‌ನಂತೆಯೇ ಇತ್ತು. ಮಾರಾಟದಲ್ಲಿ ಪ್ರಿಯಸ್ ಬಹಳ ಮುಂದೆ ಹೋದದ್ದಕ್ಕೆ ಈ ವ್ಯತ್ಯಾಸವೂ ಒಂದು ಕಾರಣ. ಸ್ಟೀವನ್ ಮತ್ತು ಆಲಿಸನ್ ಸೆಕ್ಸ್‌ಟನ್ ಎಂಬ ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಸರ ಕಾಳಜಿ ಪ್ರಬಲವಾಗಿರುವ ಪ್ರದೇಶಗಳ ಜನರು ಇಂತಹ ಗುರುತಿಗಾಗಿಯೇ ಕೆಲವು ಸಾವಿರ ಡಾಲರ್‌ಗಳವರೆಗೆ ಹೆಚ್ಚು ತೆರಲು ಸಿದ್ಧರಿದ್ದರೆಂದು ತೋರಿಸಿದರು. ಹಬ್ಬಕ್ಕೆ ರೇಷ್ಮೆ ಸೀರೆ ಕೊಳ್ಳುವವರು ನೂಲಿನ ತೂಕವನ್ನಷ್ಟೇ ನೋಡುವುದಿಲ್ಲವೆಂಬುದು ಜವಳಿ ವರ್ತಕರಿಗೆ ಹೊಸ ಸಂಗತಿಯೇನಲ್ಲ.

ರಿಯಾಯಿತಿ ಕೈಗೆ ಸಿಗುವ ಹೊತ್ತು

ಸರ್ಕಾರದ ಪ್ರೋತ್ಸಾಹವೂ ಬೇಡಿಕೆಯನ್ನು ಹೆಚ್ಚಿಸಿತು. ಅಮೆರಿಕದ 2005ರ ಇಂಧನ ನೀತಿ ಕಾಯಿದೆಯಂತೆ, 2006ರ ಜನವರಿಯಿಂದ ಹೈಬ್ರಿಡ್ ಕೊಂಡವರಿಗೆ ಆದಾಯ ತೆರಿಗೆಯಲ್ಲಿ 3,400 ಡಾಲರ್‌ವರೆಗೆ ವಿನಾಯಿತಿ ದೊರೆಯಿತು. ಕ್ಯಾಲಿಫೋರ್ನಿಯಾದಲ್ಲಿ 2005ರಿಂದ 2011ರವರೆಗೆ ಸ್ಟಿಕರ್ ಪಡೆದ ಹೈಬ್ರಿಡ್ ಕಾರುಗಳು, ಚಾಲಕರೊಬ್ಬರೇ ಇದ್ದರೂ, ಹೆಚ್ಚು ಜನರಿರುವ ವಾಹನಗಳಿಗೆ ಮೀಸಲಾದ ಪಥದಲ್ಲಿ ಸಾಗಬಹುದಾಗಿತ್ತು. ದಟ್ಟಣೆಯಲ್ಲಿ ನಿತ್ಯ ಉಳಿಯುವ ಸಮಯ ಅನೇಕರಿಗೆ ಪೆಟ್ರೋಲಿಗಿಂತ ಹೆಚ್ಚು ಬೆಲೆಯುಳ್ಳದ್ದಾಗಿತ್ತು.

ಇಲ್ಲಿ ವರ್ತಕರು ಗಮನಿಸಬೇಕಾದ ಸಂಗತಿಯೊಂದಿದೆ. ಕೆಲಿ ಗಲಹರ್ ಮತ್ತು ಎರಿಕ್ ಮ್ಯೂಲೆಗರ್ ಅವರ 2011ರ ಅಧ್ಯಯನದಂತೆ, ಮೊತ್ತ ಒಂದೇ ಆಗಿದ್ದರೂ, ಮಾರಾಟ ತೆರಿಗೆಯ ಮನ್ನಾದಿಂದ ಹೈಬ್ರಿಡ್ ಮಾರಾಟದಲ್ಲಿ ಕಂಡುಬಂದ ಏರಿಕೆಯು ಆದಾಯ ತೆರಿಗೆಯ ವಿನಾಯಿತಿಯಿಂದಾದ ಏರಿಕೆಯ ಹತ್ತು ಪಟ್ಟಿಗಿಂತಲೂ ಹೆಚ್ಚು. ಬಿಲ್ಲು ಕಟ್ಟುವ ಹೊತ್ತಿಗೆ ಕಾಣುವ ರಿಯಾಯಿತಿಗೂ ವರ್ಷದ ಕೊನೆಗೆ ಕೈಸೇರುವ ರಿಯಾಯಿತಿಗೂ ಗ್ರಾಹಕರು ಒಂದೇ ಬೆಲೆ ಕಟ್ಟುವುದಿಲ್ಲ.

ಭಾರತದಲ್ಲಿ ಎರಡು ಘಟ್ಟಗಳು

ಭಾರತದಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ 2008ರ ಜೂನ್‌ನಲ್ಲಿ ಸುಮಾರು 21.5 ಲಕ್ಷ ರೂಪಾಯಿ ಬೆಲೆಗೆ ಬಂತು. ಪೂರ್ಣವಾಗಿ ಆಮದಾದ ಕಾರಾದ್ದರಿಂದ ಸುಂಕದ ಹೊರೆ ದೊಡ್ಡದಿತ್ತು. ಗ್ರಾಹಕರು ಮುಂದೆ ಬಾರದ ಕಾರಣ ಕಂಪನಿಯು ಅದೇ ವರ್ಷ ಬೆಲೆಯನ್ನು ಸುಮಾರು 8 ಲಕ್ಷ ರೂಪಾಯಿಯಷ್ಟು ಇಳಿಸಬೇಕಾಯಿತು. 2010ರಲ್ಲಿ ಬಂದ ಪ್ರಿಯಸ್ ಕೂಡ ಇಲ್ಲಿ ವಿರಳವಾಗಿಯೇ ಉಳಿಯಿತು. 2013ರಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಆರಂಭವಾದರೂ ಅದು ಸಿರಿವಂತರ ಕಾರಾಗಿತ್ತು. ಆ ಕಾಲದಲ್ಲಿ ಹೆಚ್ಚು ಓಡಾಟವಿದ್ದವರಿಗೆ ಡೀಸೆಲ್ ಎಂಬ ಸುಲಭದ ಉತ್ತರ ಲಭ್ಯವಿತ್ತು.

ಎರಡನೆಯ ಘಟ್ಟಕ್ಕೆ ದಾರಿ ಮಾಡಿದ್ದು ಆ ಡೀಸೆಲ್ಲಿನ ಹಿನ್ನಡೆ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಮಾನದಂಡ ಜಾರಿಯಾದಾಗ ಸಣ್ಣ ಡೀಸೆಲ್ ಎಂಜಿನ್‌ಗಳನ್ನು ಅದಕ್ಕೆ ಒಗ್ಗಿಸುವುದು ದುಬಾರಿಯಾಯಿತು. ಮಾರುತಿ ಸುಜುಕಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ದೆಹಲಿಯಲ್ಲಿ ಹಳೆಯ ಡೀಸೆಲ್ ವಾಹನಗಳ ಮೇಲೆ ಬಂದ ನಿರ್ಬಂಧಗಳು ಮುಂದಿನ ದಿನಗಳ ಬಗ್ಗೆ ಅಂಜಿಕೆ ಹುಟ್ಟಿಸಿದವು. ತೆರವಾದ ಜಾಗಕ್ಕೆ 2022ರಲ್ಲಿ ಹೋಂಡಾ ಸಿಟಿ ಹೈಬ್ರಿಡ್, ಟೊಯೋಟಾ ಹೈರೈಡರ್, ಮಾರುತಿ ಗ್ರಾಂಡ್ ವಿಟಾರಾ ಹಾಗೂ ಇನ್ನೋವಾ ಹೈಕ್ರಾಸ್ ಕಾಲಿಟ್ಟವು. ಹೈರೈಡರ್ ಮತ್ತು ಗ್ರಾಂಡ್ ವಿಟಾರಾಗಳ ಸ್ಟ್ರಾಂಗ್ ಹೈಬ್ರಿಡ್ ಮಾದರಿಗೆ ಕಂಪನಿಗಳು ಬಿಡುಗಡೆಯ ವೇಳೆ ಘೋಷಿಸಿದ ಮೈಲೇಜ್ ಲೀಟರಿಗೆ 27.97 ಕಿ.ಮೀ.

ವಿದ್ಯುತ್ ಕಾರನ್ನು ಮೆಚ್ಚಿದರೂ ಕೊಳ್ಳಲು ಹಿಂಜರಿಯುವವರ ಮನಸ್ಸನ್ನೂ ಹೈಬ್ರಿಡ್ ಸೆಳೆಯಿತು. ಅಪಾರ್ಟ್‌ಮೆಂಟ್‌ನಲ್ಲಿ ಚಾರ್ಜಿಂಗ್‌ಗೆ ಅನುಮತಿ ಪಡೆಯಬೇಕಿಲ್ಲ, ದೂರದ ಊರಿಗೆ ಹೊರಟಾಗ ಚಾರ್ಜಿಂಗ್ ಕೇಂದ್ರ ಹುಡುಕಬೇಕಿಲ್ಲ ಎಂಬುದೇ ಅನೇಕರಿಗೆ ದೊಡ್ಡ ಸಮಾಧಾನ. ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ನೀಡಿದ್ದರಿಂದ ಇನ್ನೊಂದು ಭಯವೂ ಕರಗಿತು. ಕ್ಲಚ್ ಒತ್ತುವ ಶ್ರಮವಿಲ್ಲದ, ಸದ್ದು ಕಡಿಮೆಯಾದ ಚಾಲನೆ ಇವೆಲ್ಲದರ ಮೇಲಿನ ಲಾಭವೆನಿಸಿತು.

ತೆರಿಗೆ ಮಾತ್ರ ಹೈಬ್ರಿಡ್‌ಗೆ ಅನುಕೂಲವಾಗಿಲ್ಲ. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದಾಗ ನಾಲ್ಕು ಮೀಟರ್ ಮೀರಿದ ಹೈಬ್ರಿಡ್‌ಗಳ ಮೇಲೆ ಸೆಸ್ ಸೇರಿ ಶೇ. 43 ತೆರಿಗೆ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40 ಆಗಿದೆ. ಅದೇ ದಿನದಿಂದ ಸಣ್ಣ ಪೆಟ್ರೋಲ್ ಕಾರಿಗೆ ಶೇ. 18 ತೆರಿಗೆ ಬಂದಿದ್ದು, ವಿದ್ಯುತ್ ಕಾರಿಗೆ ಶೇ. 5ರ ದರವೇ ಮುಂದುವರಿದಿದೆ. ಉತ್ತರ ಪ್ರದೇಶ ಸರ್ಕಾರವು 2024ರ ಜುಲೈನಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗಳ ನೋಂದಣಿ ತೆರಿಗೆಯನ್ನು ಮನ್ನಾ ಮಾಡಿತು.

ಲೆಕ್ಕದ ಪುಸ್ತಕ ಹೇಳುವುದೇನು?

ವ್ಯಾಪಾರದ ಹಣದಿಂದ ಕಾರು ಕೊಳ್ಳುವವರು ಒಂದು ಕಾಗದದ ಮೇಲೆ ಲೆಕ್ಕ ಬರೆಯುವುದು ಒಳಿತು. ಉದಾಹರಣೆಗೆ, ಒಂದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಹೈಬ್ರಿಡ್‌ಗೆ 2.5 ಲಕ್ಷ ರೂಪಾಯಿ ಹೆಚ್ಚು ಬೆಲೆಯೆಂದೂ, ನಿತ್ಯದ ಬಳಕೆಯಲ್ಲಿ ಪೆಟ್ರೋಲ್ ಕಾರು ಲೀಟರಿಗೆ 14 ಕಿ.ಮೀ., ಹೈಬ್ರಿಡ್ 21 ಕಿ.ಮೀ. ನೀಡುವುದೆಂದೂ, ಪೆಟ್ರೋಲ್ ಲೀಟರಿಗೆ 100 ರೂಪಾಯಿಯೆಂದೂ ಇಟ್ಟುಕೊಳ್ಳೋಣ.

ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ ಪೆಟ್ರೋಲಿನಲ್ಲಿ ಉಳಿಯುವುದು ಸುಮಾರು 28,600 ರೂಪಾಯಿ. ಹೆಚ್ಚುವರಿ ಬೆಲೆ ಹಿಂದಿರುಗಲು ಸುಮಾರು ಒಂಬತ್ತು ವರ್ಷ ಬೇಕು. ಆ 2.5 ಲಕ್ಷವನ್ನು ಶೇ. 9ರ ಬಡ್ಡಿಗೆ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ 22,500 ರೂಪಾಯಿ. ಅಂದರೆ ಕೈಯಲ್ಲಿ ಉಳಿಯುವುದು ಸುಮಾರು 6,100 ರೂಪಾಯಿ ಮಾತ್ರ. ವರ್ಷಕ್ಕೆ 30,000 ಕಿ.ಮೀ. ಓಡಿಸುವವರಿಗೆ ಉಳಿತಾಯ ಸುಮಾರು 71,400 ರೂಪಾಯಿ. ಬಡ್ಡಿ ಕಳೆದರೂ 48,900 ರೂಪಾಯಿ ಉಳಿಯುತ್ತದೆ. 60,000 ಕಿ.ಮೀ. ಓಡುವ ಟ್ಯಾಕ್ಸಿಯಲ್ಲಿ ಬಡ್ಡಿ ಸೇರಿಸಿದರೂ ಎರಡು ವರ್ಷದ ಸುಮಾರಿಗೆ ಹೆಚ್ಚುವರಿ ಬೆಲೆ ತೀರುತ್ತದೆ. ವ್ಯಾಂಕೂವರ್, ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಯಾರ್ಕ್ ನಗರಗಳ ಟ್ಯಾಕ್ಸಿ ಮಾಲೀಕರು ಹೈಬ್ರಿಡ್‌ಗೆ ಹೊರಳಿದ್ದರ ಹಿಂದೆ ಇದೇ ಗಣಿತವಿತ್ತು.

ಕಿಲೋಮೀಟರ್‌ಗಳ ಜೊತೆಗೆ ರಸ್ತೆಯನ್ನೂ ನೋಡಬೇಕು. ನಿಂತು ನಿಂತು ಸಾಗುವ ನಗರದ ಓಡಾಟದಲ್ಲಿ ಹೈಬ್ರಿಡ್‌ನ ಲಾಭ ಹೆಚ್ಚು. ಬ್ರೇಕ್ ಹಾಕುವುದೇ ಅಪರೂಪವಾದ ಹೆದ್ದಾರಿಯಲ್ಲಿ ಅದು ತಗ್ಗುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಾರವಾರವೂ ಓಡಾಡುವ ವರ್ತಕರ ಕಿಲೋಮೀಟರ್ ಹೆಚ್ಚಾದರೂ, ಪ್ರತಿ ಕಿಲೋಮೀಟರಿನ ಉಳಿತಾಯ ನಗರದೊಳಗೆ ಸುತ್ತುವವರಷ್ಟು ಇರುವುದಿಲ್ಲ.

ತೆರಿಗೆಯ ಎರಡು ಅಂಶಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಚಾಲಕರೂ ಸೇರಿದಂತೆ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ಮೇಲೆ ತೆತ್ತ ಜಿ.ಎಸ್.ಟಿ.ಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ವಾಹನ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿಯಂತಹ ವ್ಯವಹಾರಗಳಿಗೆ ಮಾತ್ರ ಇದರಿಂದ ವಿನಾಯಿತಿಯಿದೆ. ಹೀಗಾಗಿ ಶೇ. 40ರ ತೆರಿಗೆ ಬಹುತೇಕ ವರ್ತಕರಿಗೆ ನೇರ ವೆಚ್ಚವೇ ಆಗುತ್ತದೆ. ಆಜೀವ ತೆರಿಗೆಯನ್ನು ಕಾರಿನ ಬೆಲೆಯ ಮೇಲೆ ವಿಧಿಸುವಲ್ಲಿ, ಹೆಚ್ಚು ಬೆಲೆಗೆ ಹೆಚ್ಚು ತೆರಿಗೆಯೂ ಸೇರುತ್ತದೆ.

ಬಿಡಿಭಾಗ ತಯಾರಕರ ಪಾಲು

ಗ್ರಾಹಕರ ಈ ಆಯ್ಕೆ ಕರ್ನಾಟಕದ ಸಣ್ಣ ಕೈಗಾರಿಕೆಗಳಿಗೆ ದೂರದ ವಿಷಯವಲ್ಲ. ಹೈರೈಡರ್, ಗ್ರಾಂಡ್ ವಿಟಾರಾ, ಹೈಕ್ರಾಸ್ ಮೂರೂ ಬಿಡದಿಯಲ್ಲಿ ತಯಾರಾಗಿ ಹೊರಬಂದವು. 2022ರ ಮೇ ತಿಂಗಳಲ್ಲಿ ಟೊಯೋಟಾ ಸಮೂಹದ ಸಂಸ್ಥೆಗಳು ರಾಜ್ಯದಲ್ಲಿ ಸುಮಾರು 4,800 ಕೋಟಿ ರೂಪಾಯಿ ಹೂಡುವ ಯೋಜನೆಯನ್ನು ಪ್ರಕಟಿಸಿದಾಗ, ವಿದ್ಯುತ್ ಚಾಲನಾ ಭಾಗಗಳ ತಯಾರಿಕೆ ಅದರಲ್ಲಿ ಮುಖ್ಯವಾಗಿತ್ತು.

ಪೀಣ್ಯದ ಯಂತ್ರಶಾಲೆಗಳು, ಬೆಳಗಾವಿ ಮತ್ತು ಶಿವಮೊಗ್ಗದ ಎರಕದ ಕಾರ್ಖಾನೆಗಳು ವಾಹನೋದ್ಯಮವನ್ನು ನೆಚ್ಚಿಕೊಂಡಿವೆ. ಪೂರ್ಣ ವಿದ್ಯುತ್ ಕಾರಿನಲ್ಲಿ ಪಿಸ್ಟನ್, ಕ್ರ್ಯಾಂಕ್‌ಶಾಫ್ಟ್, ಸೈಲೆನ್ಸರ್, ಇಂಧನ ಪಂಪು ಯಾವುದೂ ಇರುವುದಿಲ್ಲ. ಹೈಬ್ರಿಡ್‌ನಲ್ಲಿ ಇವೆಲ್ಲವೂ ಉಳಿಯುತ್ತವೆ. ಜೊತೆಗೆ ಮೋಟಾರು, ಇನ್ವರ್ಟರ್, ಹೆಚ್ಚು ವೋಲ್ಟೇಜಿನ ಕೇಬಲ್ಲು, ಬ್ಯಾಟರಿಯ ಕವಚ ಮುಂತಾದವುಗಳಿಗೂ ಬೇಡಿಕೆ ಹುಟ್ಟುತ್ತದೆ. ಎಂಜಿನ್ ಭಾಗಗಳನ್ನಷ್ಟೇ ತಯಾರಿಸುವ ಘಟಕಕ್ಕೆ ಹೊಸ ಕೆಲಸ ಕಲಿಯಲು ಇದರಿಂದ ಕೆಲವು ವರ್ಷಗಳ ಬಿಡುವು ಸಿಗುತ್ತದೆ. ಹಳೆಯ ಆರ್ಡರುಗಳು ಇನ್ನೂ ಬರುತ್ತಿವೆಯೆಂದು ಸುಮ್ಮನಿದ್ದರೆ ಆ ಬಿಡುವು ವ್ಯರ್ಥವಾದೀತು.

ವರ್ತಕರಿಗೆ ಕಿವಿಮಾತು

ಗ್ರಾಹಕರು ಹೈಬ್ರಿಡ್ ಕೊಳ್ಳುವುದು ಮೈಲೇಜಿನ ಆಸೆ, ಚಾರ್ಜಿಂಗ್‌ನ ಅಂಜಿಕೆ, ಡೀಸೆಲ್ಲಿನ ಅನಿಶ್ಚಿತತೆ, ನೆರೆಹೊರೆಯ ಮೆಚ್ಚುಗೆ, ಚಾಲನೆಯ ಸುಖ ಇವೆಲ್ಲವೂ ಕೂಡಿದ ಕಾರಣದಿಂದ. ಸ್ವಂತ ಸಂತೋಷಕ್ಕಾಗಿ ಕೊಳ್ಳುವವರಿಗೆ ಇವು ಸಾಕಷ್ಟು ಕಾರಣಗಳೇ ಸರಿ. ಆದರೆ ವ್ಯವಹಾರದ ಖಾತೆಯಿಂದ ಹಣ ತೆಗೆಯುವಾಗ ಕಾರೂ ಒಂದು ಯಂತ್ರವೇ. ಹೋದ ವರ್ಷ ಹಳೆಯ ಕಾರು ಎಷ್ಟು ಕಿಲೋಮೀಟರ್ ಓಡಿತು, ಅದರಲ್ಲಿ ನಗರದೊಳಗಿನ ಪಾಲೆಷ್ಟು ಎಂಬ ಎರಡು ಅಂಕಿಗಳನ್ನು ಬರೆದುಕೊಂಡು ಷೋರೂಮಿಗೆ ಹೋದವರಿಗೆ, ಹೈಬ್ರಿಡ್ ಬೇಕೋ ಬೇಡವೋ ಎಂಬುದನ್ನು ಮಾರಾಟಗಾರರಿಂದ ಕೇಳಿ ತಿಳಿಯುವ ಅಗತ್ಯ ಬೀಳುವುದಿಲ್ಲ.